ಮರ ಹತ್ತಲು ಬಿಡುವ ದೇಶ

ಕುಡಿತ ನಿಲ್ಲಿಸುವ ದಾರೂಬಂದಿ ಕಾನೂನು ಬಂದ ಮೇಲೆ ನನ್ನ ಗಂಡ ಮರ ಹತ್ತುವುದು ನಿಂತಿತು. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವರ ಅಪ್ಪ ಕಳ್ಳು ಇಳಿಸುತ್ತಿದ್ದರು, ಅಜ್ಜನೂ ಅದೇ. ಉಡುಪಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲ್ ಸೇರಿದರೆ ಇವರು ಕಾಂದಿವಲಿಯಲ್ಲಿ ಇಳಿದು, ಅಲ್ಲಿಯ ಕ್ರೈಸ್ತ ಹೆಂಗಸೊಬ್ಬಳ ವಾಡಿಯ ತೋಟದಲ್ಲಿದ್ದ ತೆಂಗಿನ ಮರಗಳನ್ನು ಗೇಣಿಗೆ ಹಿಡಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತುವುದು. ಇಳಿಸಿದ್ದನ್ನು ಸ್ಟೇಷನ್ ಹತ್ತಿರದ ಅಂಗಡಿಗೆ ಕೊಡುವುದು. ನಾನು ಮದುವೆಯಾಗಿ ಬಂದಾಗ ಅವರ ಎದೆಯ ಮೇಲೂ ಪಾದದ ಒಳಬದಿಯಲ್ಲೂ ಚರ್ಮ ಎಮ್ಮೆಯ ಚರ್ಮದ ಹಾಗೆ ದಪ್ಪವಾಗಿತ್ತು. ಅದನ್ನು ನೋಡಿ ನನಗೆ ಧೈರ್ಯವೇ ಆಯಿತು. ಈ ಮನುಷ್ಯ ಕೂತು ತಿನ್ನುವ ಜನ ಅಲ್ಲ ಎಂದುಕೊಂಡೆ.

ಸರಕಾರದವರು ಬಂದ್ ಎಂದರು, ಬಂದ್ ಆಯಿತು. ಅಂಗಡಿಗೆ ಬೀಗ ಬಿತ್ತು. ಮಡಕೆಗೆ ಸುಣ್ಣ ಬಳಿದು ಇಳಿಸಿದರೆ ಅದು ಹುಳಿಯಾಗುವುದಿಲ್ಲ, ಅಮಲೂ ಬರುವುದಿಲ್ಲ. ಅದಕ್ಕೆ ನೀರಾ ಎಂದು ಹೆಸರಿಟ್ಟು ಆಮೇಲೆ ಲೈಸೆನ್ಸ್ ಕೊಟ್ಟರು. ಆ ಲೈಸೆನ್ಸು ಇಲ್ಲಿಯವರಿಗೇ ಹೋಯಿತು, ಪರವೂರಿನವರನ್ನು ಯಾರೂ ಕೇಳಲಿಲ್ಲ. ಊರಿಗೆ ಹಿಂದೆ ಹೋಗೋಣ ಎಂದರೆ ನಮ್ಮ ಊರು ಆಗ ಮದ್ರಾಸಿನವರ ಕೈಯಲ್ಲಿತ್ತು. ಅಲ್ಲಿ ಇಲ್ಲಿಗಿಂತ ಮೊದಲೇ ಬಂದ್.

ಅವರು ಸಾಂತಾಕ್ರೂಜಿನ ಒಂದು ಹೋಟೆಲಿಗೆ ಸೇರಿದರು. ಧಣಿಗಳು ನಮ್ಮ ಊರ ಕಡೆಯವರೇ. ಅದರಿಂದಲೇ ತೊಂದರೆ, ಕಳ್ಳು ಇಳಿಸುವ ಜಾತಿ ಎಂದು ಗೊತ್ತಿತ್ತು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಎಂಜಲು ತಟ್ಟೆ ಎತ್ತುವುದು, ತೊಳೆಯುವುದು. ಪಾತ್ರೆ ತೊಳೆಯುವ ಸೋಡಾದ ನೀರಿನಲ್ಲಿ ಬೆರಳ ಸಂದಿ ಕೊಳೆಯಿತು. ಇಡೀ ದಿನ ನೆಲದ ಮೇಲೆ ನಿಂತು ಕಾಲು ಬಾತುಕೊಂಡಿತು. ಮರದ ಮೇಲೆ ಅರ್ಧ ದಿನ ಕಳೆದವರು ಅವರು, ಒಂದು ದಿನವೂ ಕಾಲು ನೋವು ಎಂದಿರಲಿಲ್ಲ. ಮನೆಗೆ ಬಂದರೆ ಗೋಡೆಗೆ ಒರಗಿ ಕೂರುತ್ತಿದ್ದರು. ಹೆಣ್ಣುಮಕ್ಕಳು ಇಬ್ಬರು, ಚಿಕ್ಕವರು. ಅವರು ಬಂದು ಮೈಮೇಲೆ ಬಿದ್ದರೂ ಕೈ ಎತ್ತಿ ಮುಟ್ಟುತ್ತಿರಲಿಲ್ಲ. ಒಂದು ದಿನ ಮೈಗೆ ಎಣ್ಣೆ ಹಚ್ಚುವಾಗ ನೋಡಿದೆ, ಎದೆಯ ಚರ್ಮ ಮೆತ್ತಗಾಗಿತ್ತು. ಆವತ್ತು ನನಗೆ ಹೆದರಿಕೆಯಾಯಿತು. ಇನ್ನು ಎರಡು ವರ್ಷ ಹೀಗೇ ಹೋದರೆ ಮನೆಯಲ್ಲಿ ಹೆಣ ಇಟ್ಟುಕೊಂಡ ಹಾಗೆ ಆಗುತ್ತದೆ ಎಂದು ತಿಳಿಯಿತು.

ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಒಬ್ಬರಿದ್ದರು, ಕಾಪು ಕಡೆಯವರು. ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕಿ ಹಾಕಿ ಮುದುಕರಾದವರು. ಎಲ್ಲರೂ ಹಡಗಿನಣ್ಣ ಎನ್ನುತ್ತಿದ್ದರು. ಅವರೇ ಮೊದಲು ಹೇಳಿದ್ದು.

"ಇಲ್ಲಿ ಎಂತಕ್ಕೆ ಸಾಯ್ತೀ ಮಾರಾಯ? ಬೇರೆ ದೇಶಕ್ಕೆ ಹೋಗು. ನಮ್ಮವರು ಎಷ್ಟು ಜನ ಹೋಗಲಿಲ್ಲ?"

ನನ್ನ ಗಂಡ ತಲೆ ಎತ್ತಿದರು. "ಅಲ್ಲಿ ತೆಂಗಿನ ಮರ ಉಂಟಾ?"

"ಯಾವ ದೇಶದಲ್ಲಿ?"

"ನೀವು ಹೇಳುವ ದೇಶದಲ್ಲಿ."

"ನಾನು ಇನ್ನೂ ದೇಶ ಹೇಳಲೇ ಇಲ್ಲ!"

ಆಮೇಲೆ ಭಾನುವಾರ ಬಂತೆಂದರೆ ಇದೇ ಮಾತು. ಬೇರೆಯವರು ದೇಶ ಆರಿಸುವಾಗ ಸಂಬಳ ಎಷ್ಟು, ಊಟ ಕೊಡುತ್ತಾರಾ ಎಂದು ಕೇಳುತ್ತಾರೆ. ನಮ್ಮ ಮನೆಯವರು ಮರ ಕೇಳುತ್ತಿದ್ದರು. ಮರ ಇರಬೇಕು, ಹತ್ತಲು ಬಿಡಬೇಕು, ಇಳಿಸಿದ್ದನ್ನು ಕುಡಿಯುವವರು ಬೇಕು. ಹಡಗಿನಣ್ಣನಿಗೆ ದೇಶ ಎಂದರೆ ಬಂದರು. ಬಂದರಿನಲ್ಲಿ ನಿಂತು ಕಂಡದ್ದಷ್ಟೇ ಗೊತ್ತು.

"ಏಡನ್?" ಎಂದರು ಇವರು.

"ಏಡನ್‌ನಲ್ಲಿ ಮರ ಎಲ್ಲಿ? ಕಲ್ಲು. ಉಚ್ಚೆ ಹೊಯ್ದರೆ ನೆಲಕ್ಕೆ ಬೀಳುವ ಮೊದಲೇ ಒಣಗ್ತದೆ."

"ಕುವೈಟ್?"

"ಮರ ಉಂಟು, ಖರ್ಜೂರದ್ದು. ಅಲ್ಲಿ ಕಳ್ಳಿನ ಹೆಸರು ಎತ್ತಿದರೆ ಇಲ್ಲಿಯ ಪೊಲೀಸರೇ ಪುಣ್ಯವಂತರು ಅನ್ನಿಸ್ತದೆ."

ಸಿಲೋನಿನಲ್ಲಿ ಬೇಕಾದಷ್ಟು ತೆಂಗು. ಆದರೆ ಅಲ್ಲಿ ಮೊದಲಿನಿಂದ ಇದ್ದ ನಮ್ಮ ದೇಶದವರನ್ನೇ ಹೊರಗೆ ಹಾಕುವ ಮಾತು ನಡೆದಿತ್ತು. ಮಲಾಯದಲ್ಲಿ ಸರಕಾರದವರೇ ಕಳ್ಳಿನ ಅಂಗಡಿ ಇಟ್ಟಿದ್ದಾರಂತೆ. ಅದನ್ನು ಕೇಳಿ ಇವರ ಮುಖ ಅರಳಿತು. "ಆದರೆ ಕಾಡಿನೊಳಗೆ ಗುಂಡು ಹಾರ್ತದೆ. ಮರದ ತುದಿಯಲ್ಲಿ ಕೂತವನು ಮೊದಲು ಕಾಣುವುದು" ಎಂದರು ಹಡಗಿನಣ್ಣ. ಗೋವಾ ಹತ್ತಿರವೇ ಇತ್ತು, ಪರಂಗಿಯವರ ರಾಜ್ಯ, ಕುಡಿಯಲು ಅಡ್ಡಿ ಇಲ್ಲ. ಅಷ್ಟರಲ್ಲಿ ಅಲ್ಲಿಯೂ ಗಲಾಟೆ ಎದ್ದು ಗಡಿ ಮುಚ್ಚಿದರು.

ಉಳಿದದ್ದು ಮೊಂಬಾಸಾ. ಆಫ್ರಿಕಾ ಎಂದರು. ಸಮುದ್ರದ ಅಂಚಿಗೇ ತೆಂಗು, ನಮ್ಮ ಊರಿನ ಹಾಗೆಯೇ. ಅಲ್ಲಿಯವರೂ ಕಳ್ಳು ಇಳಿಸುತ್ತಾರೆ, ಕುಡಿಯುತ್ತಾರೆ. ಹಡಗು ಮುಂಬಯಿಯಿಂದಲೇ.

ಆಗ ನಾನು ಬಾಯಿ ತೆರೆದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. "ಅಲ್ಲಿ ಮೀನು ಸಿಗ್ತದಾ?"

"ತಂಗೀ, ಸಮುದ್ರ ಅಂತ ಹೇಳಿದೆನಲ್ಲ."

"ಏಡನ್‌ಗೂ ಸಮುದ್ರ ಉಂಟಲ್ಲ, ಮರ ಇಲ್ಲ ಅಂದಿರಿ. ಬಂಗುಡೆ ಸಿಗ್ತದಾ ಇಲ್ಲವಾ ಅದು ಹೇಳಿ."

"ಸಿಗ್ತದೆ, ಸಿಗ್ತದೆ. ನಿನಗೆ ಅರೆಯುವ ಕಲ್ಲೂ ಸಿಗ್ತದೆ."

ನಾನು ಮನೆಮನೆಗೆ ಹೋಗಿ ಮಸಾಲೆ ಅರೆದು ಕೊಡುತ್ತಿದ್ದೆ, ಅದಕ್ಕೆ ಆ ಕುಹಕ. ನನಗೆ ಹೋಗಲು ಮನಸ್ಸಿರಲಿಲ್ಲ. ಆದರೆ ನನ್ನ ಮನಸ್ಸಿನಿಂದ ಇವರ ಬಾತ ಕಾಲು ಇಳಿಯುವುದಿಲ್ಲ. ಹೋಗುವುದು ಎಂದು ಹೇಳಿದೆ.

ಹೋಗಬೇಕಾದರೆ ಅಲ್ಲಿಂದ ಒಬ್ಬರು ಕರೆಸಿಕೊಳ್ಳಬೇಕು. ಹಡಗಿನಣ್ಣನೇ ಹುಡುಕಿದರು. ಕಛ್ ಕಡೆಯ ಒಬ್ಬ ಸೇಠ್, ಮೊಂಬಾಸಾ ಹತ್ತಿರ ತೆಂಗಿನ ತೋಟ ಇದ್ದವರು, ಕಳ್ಳು ಇಳಿಸುವವನು ಬೇಕಾದವರು, ಮಗಳ ಮದುವೆಗೆಂದು ಮುಂಬಯಿಗೆ ಬಂದಿದ್ದರು. ನಾವು ಹೋಗಿ ಬಾಗಿಲ ಹೊರಗೆ ನಿಂತೆವು. ಸೇಠ್ ಹಿಂದಿಯಲ್ಲಿ ಮಾತಾಡಿದರು.

"ಮರ ಹತ್ತಲು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕರೆಸಿಕೊಂಡ ಮೇಲೆ ಮರ ನೋಡಿ ತಲೆ ತಿರುಗುತ್ತದೆ ಎನ್ನುತ್ತಾರೆ. ನನಗೆ ಇಳಿಸಿ ತೋರಿಸು."

"ಮೊದಲು ಇದ್ದವನು ಎಲ್ಲಿ?" ಎಂದು ನಾನು ಕೇಳಿದೆ.

"ಬಿದ್ದ" ಎಂದರು ಸೇಠ್.

ಇಳಿಸಿ ತೋರಿಸುವುದು ಎಂದರೆ ಒಂದು ಗಳಿಗೆಯ ಕೆಲಸವಲ್ಲ. ಹೊಂಬಾಳೆ ಅರಳುವ ಮೊದಲೇ ಅದನ್ನು ಹಗ್ಗದಿಂದ ಬಿಗಿಯಬೇಕು. ದಿನವೂ ಎಲುಬಿನ ತುಂಡಿನಿಂದ ಹದವಾಗಿ ಬಡಿಯಬೇಕು. ಆಮೇಲೆ ತುದಿ ಕೆತ್ತಬೇಕು. ಆಗ ಹನಿಯುತ್ತದೆ. ಮದುವೆ ಮುಗಿದು ಸೇಠರ ಹಡಗು ಹೊರಡುವ ಮೊದಲು ಆಗುತ್ತದೆ ಎಂದರು ಇವರು. ವಾಡಿಯ ಮುದುಕಿಯ ಹತ್ತಿರ ಹೋಗಿ ಒಂದು ಮರ ಕೇಳಿದರು. ಅವಳು ಕೊರಳ ಶಿಲುಬೆ ಮುಟ್ಟಿಕೊಂಡು, "ಹಿಂದಿನ ಬದಿಯದ್ದು ಹತ್ತು. ಸಿಕ್ಕಿಬಿದ್ದರೆ ನನಗೆ ಗೊತ್ತಿಲ್ಲ. ಮೊದಲ ಲೋಟ ನನಗೆ" ಎಂದಳು.

ಪೆಟ್ಟಿಗೆಯ ಅಡಿಯಿಂದ ಕತ್ತಿ ತೆಗೆದು ಮಸೆದರು. ಹತ್ತುವಾಗ ಕಾಲಿಗೆ ಹಾಕುವ ಹಗ್ಗದ ತಳೆ ಹಳೆಯದಾಗಿತ್ತು, ಹೊಸ ಹಗ್ಗ ಹೊಸೆದರು. ಮೊದಲ ದಿನ ಹತ್ತಿ ಇಳಿದಾಗ ಎದೆಯೆಲ್ಲ ತರಚಿ ರಕ್ತ. ಮಕ್ಕಳ ಹಾಗೆ ಮೆತ್ತಗಾಗಿದ್ದ ಚರ್ಮ. ಅರಸಿನ ಹಚ್ಚಿದೆ. ಆವತ್ತು ಅನ್ನ ಎರಡು ಸಲ ಬಡಿಸಿಕೊಂಡರು. ಮಕ್ಕಳಿಗೆ ಮೊಂಬಾಸಾದಲ್ಲಿ ಆನೆ ಉಂಟು ಎಂದರು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅವರ ಸ್ವರ ಕೇಳಿದ್ದು.

ಕೆಟ್ಟದ್ದು ಆ ಎಲುಬಿನ ಸದ್ದು. ಬೆಳಿಗ್ಗೆ ಹೋಟೆಲಿಗೆ ಹೋಗುವ ಮೊದಲು ಹತ್ತುತ್ತಿದ್ದರು. ನಾನು ಎರಡು ಗಲ್ಲಿ ಆಚೆ ಕಲ್ಲಿನ ಮುಂದೆ ಕೂತಿದ್ದರೂ ಟಕ್ ಟಕ್ ಟಕ್ ಎಂದು ಕೇಳುತ್ತಿತ್ತು.

"ಸ್ವಲ್ಪ ಮೆಲ್ಲಗೆ ಬಡೀರಿ. ಊರಿಗೆಲ್ಲ ಕೇಳ್ತದೆ" ಎಂದೆ.

"ಮೆಲ್ಲಗೆ ಬಡಿದರೆ ಅದು ಬಿಡುವುದಿಲ್ಲ."

"ಪೊಲೀಸರು ಬಿಡುವುದಿಲ್ಲ."

"ಪೊಲೀಸರಿಗೆ ಈ ಸದ್ದು ಎಂತ ಗೊತ್ತು?"

ಪೊಲೀಸರಿಗೆ ಗೊತ್ತಿರಲಿಲ್ಲವೇನೋ. ಹಳೆಯ ಗಿರಾಕಿಗಳಿಗೆ ಗೊತ್ತಿತ್ತು. ಅಷ್ಟು ವರ್ಷ ಬಾಯಿ ಒಣಗಿಸಿಕೊಂಡು ಕೂತವರು, ಆ ಟಕ್ ಟಕ್ ಕೇಳಿದ್ದೇ ಒಬ್ಬೊಬ್ಬರಾಗಿ ವಾಡಿಯ ಹಿಂದೆ ಬರತೊಡಗಿದರು. ಹಿಟ್ಟಿನ ಗಿರಣಿಯವನು ಮೇಕೆ ಮೇಯಿಸಲು ಬಂದೆ ಎಂದ, ಅವನಿಗೆ ಮೇಕೆಯೇ ಇರಲಿಲ್ಲ, ಯಾರದ್ದೋ ಹಿಡಿದು ತಂದಿದ್ದ. ಒಬ್ಬ ಬರುವಾಗಲೇ ಖಾಲಿ ಕ್ಯಾನು ತಂದ. ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಮರದ ಕೆಳಗೆ ಕೂತು ಮೇಲೆ ನೋಡುತ್ತಿದ್ದರು, ಕೊಕ್ಕರೆಗಳ ಹಾಗೆ.

"ಇದು ಮಾರುವುದಕ್ಕಲ್ಲ, ಹೋಗಿ" ಎಂದು ನಾನು ಅಟ್ಟಿದೆ.

"ವಹಿನಿ, ನಾವು ವಾಸನೆ ಮಾತ್ರ ನೋಡುವುದು" ಎಂದ ಕ್ಯಾನಿನವನು.

ಹನಿಯತೊಡಗಿದ ಮೇಲೆ ಸೇಠರನ್ನು ಕರೆದುಕೊಂಡು ಬಂದರು ಹಡಗಿನಣ್ಣ. ಕರಿ ಟೋಪಿ, ಬಿಳಿ ಕೋಟು. ಜನ ಜಾಗ ಬಿಟ್ಟರು. ನನ್ನ ಗಂಡ ಕಳ್ಳು ತುಂಬಿದ ಸೋರೆ ಬುರುಡೆ ಇಳಿಸಿ ಕೊಟ್ಟರು. ಸೇಠ್ ಕುಡಿಯುವವರಲ್ಲ. ಒಂದು ಬೆರಳು ಅದ್ದಿ ಮೂಸಿದರು, ಬಗ್ಗಿಸಿ ನೋಡಿದರು.

"ಠೀಕ್. ಪಾಸ್‌ಪೋರ್ಟ್ ಮಾಡಿಸು. ಹೆಂಡತಿ ಮಕ್ಕಳೂ ಬರಲಿ. ಬಾಕಿ ನಾನು ನೋಡಿಕೊಳ್ಳುತ್ತೇನೆ."

ಅಷ್ಟು ಕೇಳಿ ಇವರು ಮತ್ತೆ ಮರ ಹತ್ತಿದರು, ಸಂಜೆಯ ಪಾಲಿಗೆ ಬುರುಡೆ ಕಟ್ಟಲು. ಸಂಜೆಯದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಇವರು ತುದಿಗೆ ಮುಟ್ಟಿದ್ದೇ ತಡ, ಬೇಲಿಯ ಹತ್ತಿರ ಹವಾಲ್ದಾರನ ಟೋಪಿ ಕಂಡಿತು. ಅಷ್ಟು ಜನ ದಿನವೂ ಒಂದು ಮರದ ಕೆಳಗೆ ಕೂತರೆ ಕುರುಡನಿಗೂ ಗೊತ್ತಾಗುತ್ತದೆ. ಗಿರಾಕಿಗಳು ಓಡಿದರು, ಮೇಕೆ ಅಲ್ಲೇ ಉಳಿಯಿತು. ಸೇಠ್ ಆಗಲೇ ಬೇಲಿ ದಾಟಿದ್ದರು. ಆ ವಯಸ್ಸಿನವರು ಅಷ್ಟು ಬೇಗ ನಡೆಯುವುದನ್ನು ನಾನು ಆಮೇಲೂ ನೋಡಿಲ್ಲ.

ಹವಾಲ್ದಾರನೂ ಮೊದಲು ನಮ್ಮ ಗಿರಾಕಿಯೇ. "ಉತರ್ ರೇ ಬಾಬಾ" ಎಂದು ಕೆಳಗೆ ನಿಂತು ಕೂಗಿದ. ಇವರು ಇಳಿಯಲಿಲ್ಲ. ಸೋಗೆಯ ನಡುವೆ ಕಾಲು ಮಾತ್ರ ಕಾಣುತ್ತಿತ್ತು.

"ಮೇಲೆ ಎಂತ ಮಾಡ್ತೀರಿ? ಇಳೀರಿ" ಎಂದೆ.

"ಕೆತ್ತುವುದು ಬಾಕಿ ಉಂಟು."

ಕೆತ್ತಿ ಮುಗಿಸಿಯೇ ಇಳಿದರು. ಹವಾಲ್ದಾರ ಕಾದ. ಕತ್ತಿ, ತಳೆ, ಬುರುಡೆ ಎಲ್ಲ ತೆಗೆದುಕೊಂಡು ಇವರನ್ನು ನಡೆಸಿಕೊಂಡು ಹೋದ. "ಬಾಯೀ, ನಾನು ಒಬ್ಬನೇ ನೋಡಿದ್ದರೆ ನೋಡಿಲ್ಲ ಎನ್ನುತ್ತಿದ್ದೆ. ಇಡೀ ಕಾಂದಿವಲಿ ನೋಡಿದೆ" ಎಂದ.

ಕೆಲವು ತಿಂಗಳು ಒಳಗಿದ್ದು ಬಂದರು. ಕೆತ್ತುವವರಿಲ್ಲದೆ ಆ ಹೊಂಬಾಳೆ ಒಣಗಿತು. ಹೋಟೆಲಿನವರು ಮತ್ತೆ ಸೇರಿಸಿಕೊಂಡರು, ತಟ್ಟೆ ಎತ್ತಲು ಬೇರೆ ಜನ ಸಿಕ್ಕಿರಲಿಲ್ಲ.

ಸೇಠ್ ಕೆಟ್ಟ ಮನುಷ್ಯರಲ್ಲ. ಹಡಗು ಹತ್ತುವ ಮೊದಲು ಹಡಗಿನಣ್ಣನಿಗೆ ಹೇಳಿ ಹೋಗಿದ್ದರು, ಕೆಲಸ ಇವನಿಗೇ, ಬರಲಿ ಎಂದು. ಅದಕ್ಕೆ ಮತ್ತೆ ಆಸೆ ಮಾಡಿ ಪಾಸ್‌ಪೋರ್ಟಿಗೆ ಹಾಕಿದೆವು. ಮನೆಗೆ ವಿಚಾರಣೆಗೆ ಬಂದದ್ದು ಅದೇ ಹವಾಲ್ದಾರ. ಚಾ ಕೊಟ್ಟೆ. ಅವನು ಕುಡಿಯಲು ಹಿಂದೆ ಮುಂದೆ ನೋಡಿದ.

"ಕೇಸ್ ಇದೆ, ಬಾಯೀ. ಇಲ್ಲ ಎಂದು ಹೇಗೆ ಬರೆಯಲಿ?"

"ಅಲ್ಲಿ ಅದು ತಪ್ಪಲ್ಲವಂತೆ."

"ಇಲ್ಲಿ ತಪ್ಪು."

"ಹಾಗಾದರೆ ನಮ್ಮನ್ನು ಕಳಿಸಿಬಿಡಿ. ಇಲ್ಲಿ ತಪ್ಪು ಮಾಡುವವರು ಒಬ್ಬರು ಕಡಿಮೆಯಾಗ್ತಾರೆ."

ಅವನು ನಕ್ಕ. ನಾನು ನಗಿಸಲು ಹೇಳಿದ್ದಲ್ಲ. ಚಾ ಮುಗಿಸಿ, ಲೋಟ ತಾನೇ ಮೋರಿಯ ಹತ್ತಿರ ಇಟ್ಟು ಹೋದ. ಪಾಸ್‌ಪೋರ್ಟ್ ಬರಲಿಲ್ಲ.

ಹಡಗಿನಣ್ಣ ಅಷ್ಟಕ್ಕೆ ಬಿಡುವವರಲ್ಲ. ಸ್ವಲ್ಪ ದಿನ ಬಿಟ್ಟು ಒಂದು ಮಧ್ಯಾಹ್ನ ಬಂದರು. ಗುಜರಾತಿನ ಕಡೆಯಿಂದ ಜಂಜಿಬಾರಿಗೆ ಹಾಯಿಪಟದ ಹಡಗು ಹೋಗುತ್ತದೆ, ಕಾಗದ ಪತ್ರ ಅಷ್ಟು ಕೇಳುವುದಿಲ್ಲ ಎಂದರು. ನಾನು ಇವರ ಮುಖ ನೋಡಿದೆ. ಮರ ಉಂಟಾ ಎಂದು ಕೇಳುತ್ತಾರೆ ಎಂದುಕೊಂಡೆ. ಕೇಳಿದ್ದರೆ ನಾನು ಆವತ್ತೇ ಗಂಟು ಕಟ್ಟುತ್ತಿದ್ದೆ.

"ಅಲ್ಲಿ ಹೋಟೆಲ್ ಉಂಟಾ?" ಎಂದರು.

"ಹೋಟೆಲ್ ಇಲ್ಲದ ಊರು ಯಾವುದು ಮಾರಾಯ? ಎಂತಕ್ಕೆ?"

"ತಟ್ಟೆ ಎತ್ತಲಿಕ್ಕೆ. ನನಗೆ ಇನ್ನು ಅದೇ ಕೆಲಸ. ಅದಕ್ಕೆ ಅಷ್ಟು ದೂರ ಎಂತಕ್ಕೆ ಹೋಗುವುದು?"

ಹಡಗಿನಣ್ಣ ಏನೋ ಹೇಳಲು ಹೋದರು. ಇವರಿಗೆ ಮಧ್ಯಾಹ್ನದ ಪಾಳಿ ಇತ್ತು. ಎದ್ದು ಅಂಗಿ ಹಾಕಿಕೊಂಡು ಲೋಕಲ್ ಹಿಡಿಯಲು ಹೋದರು.