ನೆಲ್ಲಿ ಗಿಡದ ಬುಡದ ದೀಪ

ಕೋವಿಡ್ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಆಂಧ್ರದ ಗಡಿಯ ಹಿಂದೂಪುರದ ಒಂದು ಪಾರ್ಕಿನಲ್ಲಿ ಪ್ರೋಗ್ರಾಂ ಕೋಆರ್ಡಿನೇಟರ್ ಆಗಿದ್ದೆ. ಪರಿಸರ ಶಿಕ್ಷಣದ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆ ನನ್ನನ್ನು ನೇಮಿಸಿತ್ತು. ನಾನು ರೊದ್ದಂ ಕಡೆಯ ಹಳ್ಳಿಯವಳು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ನಾನು ಬಾಟನಿಯಲ್ಲಿ ಬಿ.ಎಸ್ಸಿ. ಮುಗಿಸಿದೆ. ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ತೆಲುಗು ಓದಿ, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ರಜೆಯಲ್ಲೆಲ್ಲ ಶೇಂಗಾ ಕೀಳುವ ಕೂಲಿಗೆ ಹೋಗಿ ಪಡೆದ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಡಿಗ್ರಿ ಕಲಿಸಿದ ಒಂದು ಪಾಠವನ್ನು ಒಬ್ಬ ತಾಯಿಯ ಮುಖ ನೋಡಿ ಹೇಳಬೇಕಾಗಿ ಬಂತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾರ್ಯಕ್ರಮದ ಹೆಸರು ‘ಕುಟುಂಬ ಭಾನುವಾರ’. ದಸರಾ ಮುಗಿದ ಮೇಲೆ ಶುರುವಾಗಿ ಕಾರ್ತಿಕ ಮಾಸದ ಕೊನೆಯವರೆಗೆ ನಡೆಯುತ್ತಿತ್ತು. ನಮ್ಮ ಸೀಮೆಯಲ್ಲಿ ಹೊರಗೆ ಕೂರಲು ಆಗುವ ಕಾಲವೆಂದರೆ ಅದೇ. ಬಿದ್ದಷ್ಟು ಮಳೆ ಬಿದ್ದು ಮುಗಿದಿರುತ್ತದೆ, ಬಿಸಿಲಿಗೆ ಇನ್ನೂ ಮೊನಚು ಬಂದಿರುವುದಿಲ್ಲ, ಬೇಲಿಯಲ್ಲಿ ತಂಗಡಿ ಹೂ ಬಿಟ್ಟಿರುತ್ತದೆ. ಬೆಳಿಗ್ಗೆ ಅಪ್ಪ ಅಮ್ಮ ಮಕ್ಕಳು ಒಟ್ಟಿಗೆ ಬರಬೇಕು, ಮರ ಹಕ್ಕಿ ಹುಳ ನೋಡುತ್ತ ಪಾರ್ಕು ಸುತ್ತಬೇಕು, ಒಂದೊಂದು ಕುಟುಂಬ ಒಂದೊಂದು ಸಸಿ ನೆಟ್ಟು ಅದನ್ನು ತಾವೇ ನೋಡಿಕೊಳ್ಳಬೇಕು. ಕೊನೆಯ ಭಾನುವಾರ ಎಲ್ಲರೂ ಬುತ್ತಿ ತಂದು ವನಭೋಜನ. ಕಾರ್ತಿಕದಲ್ಲಿ ನೆಲ್ಲಿ ಮರದ ಕೆಳಗೆ ಕೂತು ಉಣ್ಣುವುದು ನಮ್ಮ ಕಡೆ ತೆಲುಗರಿಗೂ ಕನ್ನಡದವರಿಗೂ ಇರುವ ರೂಢಿ. ನಮ್ಮ ಪಾರ್ಕಿನಲ್ಲಿ ನೆಲ್ಲಿ ಮರವೇ ಇರಲಿಲ್ಲವಾದ್ದರಿಂದ ಬೇವಿನ ಕೆಳಗೆ ಕೂರುತ್ತಿದ್ದೆವು.

ಆ ಕೊರತೆಯನ್ನು ಮೊದಲು ಎತ್ತಿ ತೋರಿಸಿದವಳು ಮೂರನೇ ಕ್ಲಾಸಿನ ಲಾವಣ್ಯ. ಅವಳ ಅಮ್ಮ ರತ್ನಮ್ಮ ಮಂಡಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸದವರು. ಅಪ್ಪ ನರಸಿಂಹಪ್ಪ ಆಟೋ ಓಡಿಸುತ್ತಿದ್ದರು. ಸಸಿಗಳನ್ನು ಸಾಲಾಗಿ ಇಟ್ಟಿದ್ದಾಗ ಹೂವಿನ ಗಿಡಕ್ಕೆಲ್ಲ ಬೇರೆ ಮಕ್ಕಳು ಮುತ್ತಿಕೊಂಡರು. ಇವಳು ಮೊಣಕಾಲುದ್ದದ ನೆಲ್ಲಿ ಸಸಿಯನ್ನು ಎತ್ತಿಕೊಂಡಳು.

“ಮೇಡಂ, ಇದರ ಕೆಳಗೆ ಯಾವಾಗ ಉಣ್ಣೋದು?”

“ನೀನು ಹೈಸ್ಕೂಲು ಸೇರೋ ಹೊತ್ತಿಗೆ” ಎಂದೆ.

ರತ್ನಮ್ಮ ನಕ್ಕರು. “ಅಷ್ಟು ದಿನ ಯಾಕೆ ಕಾಯ್ತೀಯ ಕಣೆ. ಇರುವೆಗಳಿಗೆ ಈ ನೆರಳು ಸಾಕು, ಇವತ್ತೇ ಅವುಕ್ಕೆ ವನಭೋಜನ ಮಾಡ್ಸು.”

ಹುಡುಗಿ ಅದನ್ನು ನಿಜವೆಂದೇ ತೆಗೆದುಕೊಂಡಳು. ಅಮ್ಮ ತಿಂಡಿಗೆಂದು ತಂದಿದ್ದ ಡಬ್ಬಿಯಿಂದ ಒಂದು ಚಿಟಿಕೆ ಚಿತ್ರಾನ್ನ ತಂದು ಸಸಿಯ ಬುಡದಲ್ಲಿಟ್ಟು, ಇರುವೆ ಬರುವವರೆಗೂ ಕುಕ್ಕರಗಾಲಲ್ಲಿ ಕೂತಳು. ಆಮೇಲಿನ ವಾರ ಚಳಿಗಾಲದ ವಲಸೆ ಹಕ್ಕಿಯೊಂದು ಹುಲ್ಲಿನ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿತ್ತು. ಅದರ ಹೆಸರು ಕುಂಡೆಕುಸ್ಕ ಎಂದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಲಾವಣ್ಯ ಗೇಟಿನವರೆಗೂ ಹಾಗೆಯೇ ಅಲ್ಲಾಡಿಸಿಕೊಂಡು ನಡೆದಳು. ನರಸಿಂಹಪ್ಪ ಹಿಂದಿನಿಂದ, “ನಮ್ಮ ಹಳೇ ಆಟೋ ಹೋದಂಗೆ ಹೋಯ್ತಾವ್ಳೆ ನೋಡಿ ಮೇಡಂ” ಎಂದರು.

ಅವಳ ಬಗ್ಗೆ ನನ್ನ ಬಳಿ ಇರುವುದು ಇಷ್ಟೇ. ಕೆಲವು ಭಾನುವಾರಗಳು.

ಮರುವರ್ಷದ ಮಳೆಗಾಲದಲ್ಲಿ ಊರಲ್ಲಿ ಡೆಂಗ್ಯೂ ಜ್ವರ ಬಂತು. ಲಾವಣ್ಯ ಹೋದಳು. ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಪಾರ್ಕಿನ ಮಾಲಿ ಗಂಗಪ್ಪನಿಂದ. ಆ ವರ್ಷದ ಕಾರ್ಯಕ್ರಮಕ್ಕೆ ಅವರ ಮನೆಯಿಂದ ಯಾರೂ ಬರಲಿಲ್ಲ. ಕಾರ್ತಿಕವೂ ಕಳೆದ ಮೇಲೆ ಒಂದು ಸಂಜೆ ರತ್ನಮ್ಮ ಒಬ್ಬರೇ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಸಸಿ ಸೊಂಟದೆತ್ತರಕ್ಕೆ ಬಂದಿತ್ತು. ನೀರು ಹಾಕಿ, ಎಲೆಗಳ ಮೇಲೆ ಕೈಯಾಡಿಸಿ ಹೋದರು. ಅಂದಿನಿಂದ ಮಂಡಿ ಮುಗಿಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ದಿನಾ ಬರತೊಡಗಿದರು. ಬೇಸಿಗೆಯಲ್ಲಿ ಪಾರ್ಕಿನ ಬೋರು ಬತ್ತಿದಾಗ ಅರ್ಧಕ್ಕರ್ಧ ಸಸಿ ಒಣಗಿದವು. ಅವರ ನೆಲ್ಲಿ ಮಾತ್ರ ಬೆಳೆಯುತ್ತಲೇ ಹೋಯಿತು. ಮೇಕೆಯೊಂದು ಒಳನುಗ್ಗಿ ಎಡಗಡೆಯ ಕೊಂಬೆ ಕಡಿದು ಹಾಕಿತ್ತು. ಅದು ಸೊಟ್ಟಗೆ ಬಾಗಿ ಮತ್ತೆ ಚಿಗುರಿತು. “ಇವಳೂ ಹಂಗೇ, ಹಲ್ಲು ಬಿದ್ದು ಸೊಟ್ಟಗೆ ಹುಟ್ಟಿತ್ತು” ಎಂದರು ಒಮ್ಮೆ. ಮಗಳ ಮಾತನ್ನು ಅವರು ನನ್ನ ಮುಂದೆ ಎತ್ತಿದ್ದು ಅದೇ ಮೊದಲು.

ಮೂರನೆಯ ವರ್ಷ ಸಂಸ್ಥೆ ಇದೇ ಕಾರ್ಯಕ್ರಮವನ್ನು ಕಲ್ಯಾಣದುರ್ಗದಲ್ಲೂ ಶುರುಮಾಡಿತು. ಹೊಸ ಜಾಗ, ಹೊಸ ಜನ, ನನ್ನನ್ನೇ ಕಳಿಸಿದರು. ದಸರಾದಿಂದ ಕಾರ್ತಿಕದ ಕೊನೆಯವರೆಗೆ ಅಲ್ಲೇ ಇರಬೇಕು, ಹಿಂದೂಪುರದ ವನಭೋಜನದ ಹೊತ್ತಿಗೆ ವಾಪಸು ಬರಬೇಕು ಎಂದಾಯಿತು. ಅಲ್ಲಿದ್ದಾಗ ಒಂದು ಸಂಜೆ ರತ್ನಮ್ಮನ ಫೋನು ಬಂತು.

“ಮೇಡಂ, ನಮ್ಮ ಪಾಪನ ಗಿಡಕ್ಕೆ ಊರೋರೆಲ್ಲ ದೀಪ ಹಚ್ತಾವ್ರೆ. ನಾನು ಯಾರ್ನೂ ಕರೀಲಿಲ್ಲ. ನಾನೊಬ್ಳು ಹಚ್ತಾ ಇದ್ದೆ, ನೋಡಿ ನೋಡಿ ಅವ್ರೇ ಬತ್ತಾವ್ರೆ. ನೀವು ಬಂದು ನೋಡ್ಬೇಕು ಕಣಮ್ಮ.”

ಅವರ ಧ್ವನಿಯಲ್ಲಿ ಅಷ್ಟು ಜೀವ ನಾನು ಕೇಳಿದ್ದು ಮಗು ಹೋದ ಮೇಲೆ ಅದೇ ಮೊದಲು. ಕಾರ್ತಿಕದಲ್ಲಿ ನೆಲ್ಲಿಗೆ ದೀಪ ಹಚ್ಚುವುದು ಹೊಸದಲ್ಲ. ಪಾರ್ಕಿನಲ್ಲಿ ಆಳೆತ್ತರದ ನೆಲ್ಲಿ ಎಂದರೆ ಅದೊಂದೇ, ಹೆಂಗಸರು ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಒಂದು ಮಗುವಿನ ಗಿಡ ಊರಿನ ಗಿಡವಾಯಿತಲ್ಲ ಎಂದು ನನಗೂ ಹಿಗ್ಗಾಯಿತು. ಬರ್ತೀನಿ ರತ್ನಮ್ಮ, ಈ ಸಲ ನಿಮ್ಮ ಗಿಡದ ಕೆಳಗೇ ಕೂತು ಉಣ್ಣೋಣ ಎಂದೆ.

ವನಭೋಜನದ ಹಿಂದಿನ ಸಂಜೆ, ಹೆಂಗಸರು ಬರುವ ಮುಂಚೆ, ಬಸ್ಸಿಳಿದು ನೇರ ಪಾರ್ಕಿಗೆ ಹೋದೆ. ದೂರದಿಂದಲೇ ಎಲೆ ಹಳದಿಯಾಗಿರುವುದು ಕಂಡಿತು. ಹತ್ತಿರ ಹೋದಾಗ ಕಾಂಡಕ್ಕೆ ಅರಿಸಿನದ ದಾರ ಸುತ್ತಿತ್ತು. ಕುಂಕುಮವಿತ್ತು. ನೆಲ ಎಣ್ಣೆ ಕುಡಿದು ಕಪ್ಪಾಗಿತ್ತು. ಬುಡಕ್ಕೆ ಅಂಟಿಸಿದಂತೆ, ಕಾಂಡವನ್ನು ಸುತ್ತುವರಿದು, ಚಪ್ಪಟೆ ಕಲ್ಲು ಇಟ್ಟಿಗೆ ಜೋಡಿಸಿ ಯಾರೋ ಗೂಡು ಕಟ್ಟಿದ್ದರು. ಅದರೊಳಗೆ ಹಣತೆಗಳು ಒತ್ತೊತ್ತಾಗಿ ಇದ್ದವು. ಕಲ್ಲಿನ ಒಳಮೈ ಒಲೆಯ ಒಳಮೈಯಂತೆ ಮಸಿ ಹಿಡಿದಿತ್ತು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು. ಮರದ ತೊಗಟೆಯ ಕೆಳಗೆ ಕಾಗದದಷ್ಟು ತೆಳುವಾದ ಒಂದು ಪದರ ಇರುತ್ತದೆ, ಕ್ಯಾಂಬಿಯಂ ಎಂದು ಹೆಸರು. ಮರ ದಪ್ಪವಾಗುವುದು ಅದರಿಂದ. ಅದಕ್ಕೆ ತಾಗಿಕೊಂಡೇ ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸುವ ಕೊಳವೆಗಳಿರುತ್ತವೆ. ಒಂದು ಬದಿ ಗಾಯವಾದರೆ ಮರ ಬದುಕುತ್ತದೆ. ಸುತ್ತಲೂ, ಬಳೆಯ ಹಾಗೆ, ಆ ಪದರ ಸತ್ತರೆ ಬೇರು ಉಪವಾಸ ಬೀಳುತ್ತದೆ. ಇದನ್ನು ಗರ್ಡ್ಲಿಂಗ್ ಎನ್ನುತ್ತಾರೆ. ದೊಡ್ಡ ಮರದ ದಪ್ಪ ತೊಗಟೆ ದೀಪದ ಕಾವನ್ನು ತಡೆದುಕೊಳ್ಳಬಹುದು. ಮಣಿಕಟ್ಟಿನಷ್ಟು ದಪ್ಪದ ಎಳೆ ಕಾಂಡ ತಡೆಯುವುದಿಲ್ಲ. ಬಯಲಿನಲ್ಲಿ ಉರಿದ ದೀಪದ ಕಾವು ಗಾಳಿಗೆ ಹೋಗುತ್ತದೆ. ಗೂಡಿನಲ್ಲಿ ಉರಿದದ್ದು ಎಲ್ಲಿಗೂ ಹೋಗುವುದಿಲ್ಲ.

ಉಗುರಿನಿಂದ ತೊಗಟೆ ಕೆರೆದೆ. ಜೀವವಿದ್ದರೆ ಒಳಗೆ ಹಸಿರು ಕಾಣಬೇಕು. ಕಂದು. ಇನ್ನೊಂದು ಬದಿ ಕೆರೆದೆ. ಅಲ್ಲೂ ಕಂದು. ಮಂಡಿಯೂರಿ ಸುತ್ತಲೂ ಕೆರೆಯುತ್ತ ಬಂದೆ, ನೆಲದ ಮಟ್ಟದವರೆಗೆ. ಒಂದು ಬೆರಳಿನಷ್ಟಾದರೂ ಹಸಿರು ಸಿಗಲೆಂದು ಹುಡುಕಿದೆ. ಸಿಗಲಿಲ್ಲ.

ಗಂಗಪ್ಪ ಹಿಂದೆ ಬಂದು ನಿಂತಿದ್ದ. “ಕಾರ್ತೀಕದ ದೀಪಾನ ಬ್ಯಾಡ ಅಂತ ಯಾವ ಬಾಯಲ್ಲಿ ಹೇಳ್ಲಮ್ಮ” ಎಂದ. “ಆ ಗೂಡು ಆಯಮ್ಮನೇ ಕಟ್ಟಿದ್ದು. ನೀವು ಗೆದ್ದಲು ಬಂತು ಅಂದ್ಬುಡಿ. ಮಗೂನ ಕಳ್ಕಂಡೋಳು, ಇದನ್ನ ಹೆಂಗೆ ತಡ್ಕಂತಾಳೆ?”

ಸಂಸ್ಥೆಯ ಸಾರ್‌ಗೆ ಫೋನು ಮಾಡಿದೆ. ಅವರದು ಇನ್ನೊಂದು ದಾರಿ. “ಕಲ್ಯಾಣದುರ್ಗದ ನರ್ಸರಿಯಲ್ಲಿ ಇಷ್ಟೇ ಎತ್ತರದ್ದು ಐತಲ್ಲಮ್ಮಾ, ತಂದು ನೆಟ್ಟುಬಿಡಿ. ಎವರಿಕಿ ತೆಲುಸ್ತುಂದಿ? ಯಾರಿಗೆ ಗೊತ್ತಾಗುತ್ತೆ?”

ರತ್ನಮ್ಮನಿಗೆ ಗೊತ್ತಾಗುತ್ತಿತ್ತು. ಆ ಸೊಟ್ಟ ಕೊಂಬೆಯನ್ನು ಯಾವ ನರ್ಸರಿಯಿಂದ ತರುವುದು? ಗೆದ್ದಲಿನ ಸುಳ್ಳು ಹೇಳಬಹುದಿತ್ತು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಗಂಗಪ್ಪನೇ ಇನ್ನೊಂದು ಮಾತು ಹೇಳಿದ್ದ: ಬರುವ ಕಾರ್ತಿಕಕ್ಕೆ ಇನ್ನೊಂದು ನೆಲ್ಲಿಗೂ ಹೀಗೇ ಗೂಡು ಕಟ್ಟಬೇಕೆಂದು ಹೆಂಗಸರು ಆಗಲೇ ಗಿಡ ನೋಡಿಟ್ಟಿದ್ದರಂತೆ. ಅದು ಆಚೆ ಬದಿಯಲ್ಲಿ ಬೇರೆ ಒಂದು ಮಗು ಆ ವರ್ಷವಷ್ಟೇ ನೆಟ್ಟದ್ದು.

ಮರುದಿನ ಬೆಳಿಗ್ಗೆ ಬೇರೆ ಕುಟುಂಬಗಳು ಬರುವ ಮುಂಚೆಯೇ ರತ್ನಮ್ಮ ಬಂದರು. ಹೊಸ ಸೀರೆ ಉಟ್ಟಿದ್ದರು. ಬುತ್ತಿಯಲ್ಲಿ ಚಿತ್ರಾನ್ನ ಇತ್ತು.

“ಎಲೆ ಚಳಿಗೆ ಉದುರ್ತಾವೆ ಅಲ್ವಾ ಮೇಡಂ?”

“ಇಲ್ಲ ಕಣಮ್ಮ. ಗಿಡ ಹೋಗೈತೆ.”

“ಗೆದ್ದಲಾ?”

ಗಂಗಪ್ಪ ನನ್ನ ಮುಖ ನೋಡಿದ.

“ಅಲ್ಲ. ದೀಪದ ಕಾವಿಗೆ ಬುಡ ಬೆಂದೈತೆ. ಗೂಡಲ್ಲಿ ಕಾವು ನಿಂತುಬುಡ್ತು.”

ರತ್ನಮ್ಮ ಬುತ್ತಿಯನ್ನು ನೆಲದ ಮೇಲಿಟ್ಟು ಗಿಡದ ಮುಂದೆ ಕೂತರು. ನನಗಲ್ಲ, ಆ ಕಲ್ಲುಗಳಿಗೆ ಹೇಳುವಂತೆ ಹೇಳಿದರು:

“ಗಾಳಿಗೆ ದೀಪ ಆರ್ಬಾರ್ದು ಅಂತ ಕಲ್ಲು ಇಟ್ಟೆ. ಅವಳಿಗೂ ಹಂಗೇ ಮಾಡ್ದೆ. ಚಳಿ ಚಳಿ ಅಂದ್ಲು, ಇದ್ದಬದ್ದ ಕಂಬ್ಳಿ ಎಲ್ಲ ಹೊದಿಸ್ಬುಟ್ಟು ಬೆಳಗಾಗ್ಲಿ ಅಂತ ಕೂತೆ. ಮೈ ಕೆಂಡ ಆಗಿತ್ತು.”

ಕಂಬಳಿಯಿಂದ ಮಗು ಹೋಗಲಿಲ್ಲ ರತ್ನಮ್ಮ, ಅದು ಡೆಂಗ್ಯೂ ಎಂದೆ. ಅದು ಸತ್ಯ. ಆದರೆ ಆಗಷ್ಟೇ ಇನ್ನೊಂದು ಸತ್ಯ ಹೇಳಿದ ಬಾಯಿಂದ ಬಂದ ಆ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ತಿಳಿಯದು. ಅವರು ಎದ್ದು ಹಣತೆಗಳನ್ನು ಒಂದೊಂದಾಗಿ ಆಯ್ದರು. ಗೂಡಿನ ಕಲ್ಲುಗಳನ್ನು ಬಿಚ್ಚಿ, ಹೊಸ ಸೀರೆಯ ಮಡಿಲಿಗೆ ತುಂಬಿಕೊಂಡು, ಕಾಂಪೌಂಡಿನ ಮೂಲೆಗೆ ಹೊತ್ತು ಹಾಕಿದರು. ಸೀರೆಯೆಲ್ಲ ಮಸಿಯಾಯಿತು. ನಾನು ಕೈ ಹಾಕಲು ಹೋದರೆ ಬೇಡವೆಂದರು. ಬುತ್ತಿ ಬಿಟ್ಟು ಹೊರಟುಹೋದರು. ಆ ದಿನದ ವನಭೋಜನ ಎಂದಿನಂತೆ ಬೇವಿನ ಕೆಳಗೆ ನಡೆಯಿತು. ನಾನು ಉಣ್ಣಲಿಲ್ಲ.

ಸಂಜೆ ನರಸಿಂಹಪ್ಪ ಖಾಲಿ ಡಬ್ಬಿ ಒಯ್ಯಲು ಬಂದರು. ಆಟೋ ಇಳಿಯಲಿಲ್ಲ. “ಪಾಪ ಹೋದ್ಮೇಲೆ ಇವ್ಳು ಹದಿನೈದು ದಿನ ನೆಟ್ಟಗೆ ಉಂಡಿದ್ದೇ ಈಗ ಮೇಡಂ” ಎಂದರು. “ಅಷ್ಟೊಂದು ಓದಿದ್ದೀರಿ. ಒಂದು ಸುಳ್ಳು ಹೇಳಾಕೆ ಬರ್ಲಿಲ್ವಾ?”

ತೊಳೆದಿಟ್ಟಿದ್ದ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಬುಡದಿಂದ ಚಿಗುರು ಬಂದೀತೆಂದು ಬೇಸಿಗೆಯವರೆಗೂ ನೀರು ಹಾಕಿಸಿದೆ. ಬರಲಿಲ್ಲ. ಗಂಗಪ್ಪ ಅದನ್ನು ಕಿತ್ತು ತೆಗೆದ ದಿನ ನಾನು ಬೇಕೆಂದೇ ಕಲ್ಯಾಣದುರ್ಗಕ್ಕೆ ಹೋಗಿದ್ದೆ.

ಮುಂದಿನ ಕಾರ್ತಿಕ ಬಂತು. ಹೆಂಗಸರು ಹಣತೆ ಹಿಡಿದು ಆಚೆ ಬದಿಯ ನೆಲ್ಲಿ ಗಿಡಕ್ಕೆ ಬರತೊಡಗಿದರು. ಹೇಗೆ ತಡೆಯಲಿ, ಏನು ಬೋರ್ಡು ಬರೆಸಲಿ ಎಂದು ನಾನು ಯೋಚಿಸುತ್ತಿದ್ದ ಸಂಜೆ ರತ್ನಮ್ಮ ಗೇಟಿನಲ್ಲಿ ಕಾಣಿಸಿದರು. ಸಣ್ಣಗಾಗಿದ್ದರು. ನೇರ ಕಾಂಪೌಂಡಿನ ಮೂಲೆಗೆ ಹೋಗಿ, ತಾವೇ ಎಸೆದಿದ್ದ ಮಸಿ ಹಿಡಿದ ಚಪ್ಪಟೆ ಕಲ್ಲೊಂದನ್ನು ಎತ್ತಿ ತಂದು, ಆ ಗಿಡದಿಂದ ಒಂದು ಮಾರು ದೂರದಲ್ಲಿ ಬಯಲಿನಲ್ಲಿ ಇಟ್ಟರು. ಮೊದಲು ಬಂದ ಹೆಂಗಸು ಬುಡದತ್ತ ಬಗ್ಗಿದಾಗ ಅವಳ ಮೊಣಕೈ ಹಿಡಿದರು.

“ಅಲ್ಲಿ ಬ್ಯಾಡ ಕಣಮ್ಮ. ಇಲ್ಲಿ, ಕಲ್ಲಿನ ಮೇಲೆ ಇಡು.”

“ಗಾಳಿ ಐತಲ್ಲಕ್ಕ, ಆರೋಯ್ತೈತೆ.”

“ಆರ್ಲಿ ಬಿಡು.”

ಯಾಕೆಂದು ಅವಳು ಕೇಳಿದಳು. ರತ್ನಮ್ಮ ಹಣತೆಯನ್ನು ಅವಳ ಕೈಯಿಂದ ತೆಗೆದು ಕಲ್ಲಿನ ಮೇಲಿಟ್ಟರು. ಅವರು ಆ ತಿಂಗಳು ಕಾರ್ತಿಕ ಮುಗಿಯುವವರೆಗೂ ಬಂದರು, ಆ ಕಲ್ಲಿನ ಪಕ್ಕ ನಿಂತರು, ತಾವು ಒಂದು ದೀಪವನ್ನೂ ಹಚ್ಚಲಿಲ್ಲ. ಲಾವಣ್ಯಳ ಗಿಡವಿದ್ದ ಗುಂಡಿಯಲ್ಲಿ ಬೇರೆ ಸಸಿ ನೆಡೋಣವೇ ಎಂದು ಕೇಳಿದ್ದಕ್ಕೆ, “ಬ್ಯಾಡ ಮೇಡಂ, ಖಾಲಿ ಇರ್ಲಿ” ಎಂದರು. ಈಗಲೂ ಖಾಲಿ ಇದೆ.

ಕ್ಯಾಂಬಿಯಂ ಎಂದರೇನು ಎಂದು ನಾನು ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದವಳು. ಗಿಡಕ್ಕೆ ಎಷ್ಟು ನೀರು, ಎಷ್ಟು ಗೊಬ್ಬರ ಎಂದು ಜನರಿಗೆ ಹೇಳುತ್ತ ಬಂದವಳು. ಎಷ್ಟು ಹತ್ತಿರ ನಿಲ್ಲಬೇಕು ಎಂಬುದನ್ನೂ ಹೇಳಬೇಕೆಂದು ಕೆಲಸ ಕಲಿಸಿತು. ಈಗ ಕಲ್ಯಾಣದುರ್ಗದಲ್ಲಾಗಲಿ ಹಿಂದೂಪುರದಲ್ಲಾಗಲಿ ಮೊದಲ ಭಾನುವಾರ ಸಸಿ ಕೊಡುವ ಮುಂಚೆ, ಎರಡೂ ಕೈ ಚಾಚಿ ಒಂದು ಮಾರು ಅಳೆದು ತೋರಿಸುತ್ತೇನೆ. ಪ್ರೀತಿ ಇರುವವರೇ ಮುಂದೆ ಮುಂದೆ ಬರುತ್ತಾರೆ. ಅವರಿಗೆ, ಇನ್ನೊಂಚೂರು ಹಿಂದೆ ಬನ್ನಿ ಎನ್ನುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ.