ಶಾರದಮ್ಮ ಟೀಚರ್ ಹಸೆಗೆ ಕೂತ ಸಂಜೆ

ಆಗಿನ್ನೂ ನಮ್ಮ ಕೊಳ್ಳೇಗಾಲ ಮದರಾಸು ಸರ್ಕಾರದ ಕೈಯಲ್ಲಿತ್ತು. ನನ್ನ ಅಜ್ಜಿಮನೆ ಯಳಂದೂರು ಮಾತ್ರ ಮೈಸೂರು ಮಹಾರಾಜರ ಸೀಮೆ. ಎತ್ತಿನ ಗಾಡಿಯಲ್ಲಿ ಒಂದಿಷ್ಟು ಹುರಿಗಾಳು ಅಗಿದು ಮುಗಿಸುವಷ್ಟರಲ್ಲಿ ಸಿಗುವ ಯಳಂದೂರು ಬೇರೆ ರಾಜ್ಯವಂತೆ. ಘಾಟಿ ಇಳಿದು, ವಾಂತಿ ಮಾಡಿಕೊಂಡು, ದಿನವೆಲ್ಲ ಬಸ್ಸಿನಲ್ಲಿ ಕೂತು ಸೇರಬೇಕಾದ ಕೊಯಮತ್ತೂರು ನಮ್ಮದೇ ಜಿಲ್ಲೆಯಂತೆ! ದೊಡ್ಡವರ ಈ ಲೆಕ್ಕ ನನ್ನ ತಲೆಗೆ ಹತ್ತಲೇ ಇಲ್ಲ. ಹಾಗಾಗಿ ನಮ್ಮ ಹೆಣ್ಣುಮಕ್ಕಳ ಶಾಲೆಯಿಂದ ಆರು ಜನರನ್ನು ಕೊಯಮತ್ತೂರಿಗೆ ಪ್ರವಾಸ ಕರೆದೊಯ್ಯುತ್ತಾರೆ ಎಂದಾಗ, ನಮ್ಮ ಬೀದಿಯವರೆಲ್ಲ ಪರದೇಶಕ್ಕೆ ಹೊರಟವರನ್ನು ನೋಡುವಂತೆ ನಮ್ಮನ್ನು ನೋಡಿದರು. ಅವ್ವ ಕಣ್ಣೀರು ಹಾಕಿಕೊಂಡೇ ಕಜ್ಜಾಯ ಕಟ್ಟಿಕೊಟ್ಟಳು.

ಕರೆದುಕೊಂಡು ಹೊರಟವರು ಲೆಕ್ಕದ ಶಾರದಮ್ಮ ಟೀಚರ್. ಬಿಳಿ ಸೀರೆ, ಬರಿ ಹಣೆ, ಕೈಯಲ್ಲಿ ರೂಲುದೊಣ್ಣೆ. ಎಂಟನೇ ವಯಸ್ಸಿಗೆ ಮದುವೆಯಾಗಿ, ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡವರು ಅವರು ಎಂಬುದು ಊರಿಗೇ ಗೊತ್ತಿತ್ತು. ಅವರು ನಕ್ಕಿದ್ದನ್ನು ನಾವು ಯಾರೂ ಕಂಡಿರಲಿಲ್ಲ. ದಿಂಬಂ ಘಾಟಿಯ ತಿರುವುಗಳಲ್ಲಿ ನಾವು ಒಬ್ಬರ ಮೇಲೊಬ್ಬರು ಉರುಳುವಾಗ ಅವರು ಹದಿಮೂರರ ಮಗ್ಗಿ ಹೇಳಿಸುತ್ತಿದ್ದರು. ನಿಂಬೆಹಣ್ಣು ಮೂಸುತ್ತಾ ಮಗ್ಗಿ ಒಪ್ಪಿಸುವ ಕಷ್ಟ ನನ್ನ ಶತ್ರುವಿಗೂ ಬೇಡ.

ಕೊಯಮತ್ತೂರಿನ ಶಾಲೆಯವರು ತುಂಬ ಪ್ರೀತಿಯಿಂದ ನೋಡಿಕೊಂಡರು. ಹೂವಿನಂಥ ಇಡ್ಲಿ, ಕುಡಿದಷ್ಟೂ ಬೇಕೆನಿಸುವ ಸಿಹಿನೀರು. ಭಾಷೆ ಬಾರದಿದ್ದರೂ ಅಲ್ಲಿನ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿದೆವು. ಆಟದಲ್ಲಿ ಮೋಸ ಮಾಡುವುದಕ್ಕೆ ಭಾಷೆ ಬೇಕಾಗಲಿಲ್ಲ.

ಎರಡನೇ ದಿನ ಸಂಜೆ ಎರಡೂ ಶಾಲೆಯವರು ತಮ್ಮ ತಮ್ಮ ಊರಿನ ಹಾಡು ಕುಣಿತ ತೋರಿಸಬೇಕಿತ್ತು. ಅವರು ಸುತ್ತು ಕಟ್ಟಿ ಚಪ್ಪಾಳೆ ತಟ್ಟುತ್ತಾ ಕುಮ್ಮಿ ಹೊಡೆಯುವವರು, ನಾವು ಸೋಬಾನೆ ಹೇಳುವವರು. ನಮ್ಮ ಮುಂದಾಳು ಶಾಗ್ಯ ಹಳ್ಳಿಯ ಸಿದ್ದಿ. ಅವಳ ಅಜ್ಜಿ ಸೋಬಾನೆಗೆ ಹೆಸರಾದವರು. ಸುತ್ತಲ ಊರುಗಳ ಮದುವೆಗಳಿಗೆಲ್ಲ ಅವರೇ ಬೇಕು. ಸಿದ್ದಿಗೆ ಓದು ಅಷ್ಟಕ್ಕಷ್ಟೆ, ಹಾಡು ಮಾತ್ರ ಗಂಟಲಲ್ಲೇ ಮನೆ ಮಾಡಿತ್ತು.

ಕುಮ್ಮಿ ಮುಗಿಯಿತು, ಚಪ್ಪಾಳೆ ಬಿತ್ತು. ನಮ್ಮ ಸರದಿ ಬಂತು. ವೇದಿಕೆ ಹತ್ತಿದ ಸಿದ್ದಿ ಗಕ್ಕನೆ ನಿಂತುಬಿಟ್ಟಳು. ಇವರದು ಮದುವೆ ಹಾಡಂತೆ ಎಂದು ತಿಳಿದಿದ್ದ ಅಲ್ಲಿನವರು, ನಮಗೆ ಸಂತೋಷವಾಗಲಿ ಅಂತ ನಡುವೆ ದೊಡ್ಡ ರಂಗೋಲಿ ಬಿಟ್ಟು, ಮಣೆ ಇಟ್ಟು, ಎರಡೂ ಕಡೆ ದೀಪ ಹಚ್ಚಿದ್ದರು.

"ಅಯ್ಯೋ, ಅಸೆ ಆಕ್ಬುಟ್ಟವ್ರೆ ಕಣಮ್ಮಿ! ಎಣ್ಣು ಎಲ್ಲಿ?" ಎಂದಳು ಸಿದ್ದಿ.

"ಎಣ್ಣು ಯಾಕಮ್ಮಿ? ನಾವೇನು ಮದ್ವೆ ಮಾಡಕ್ ಬಂದಿದ್ದೀವಾ? ಸುಮ್ಕೆ ಆಡು," ಎಂದೆ ನಾನು.

"ಬರೀ ಅಸೆಗೆ ಸೋಬಾನ ಏಳ್ಬಾರ್ದು ಅಂದವ್ಳೆ ನಮ್ಮಜ್ಜಿ. ಏಳುದ್ರೆ ಆಡ್ದೋರ್ ಮನೆ ಎಣ್ಣಿಗೆ ಕೇಡು. ನಾನ್ ಬಾಯೇ ಬುಡಲ್ಲ."

ಹಾಕಿದ ಹಸೆಯನ್ನು ಎತ್ತುವ ಹಾಗಿಲ್ಲ. ನಮ್ಮಲ್ಲೇ ಒಬ್ಬಳು ಕೂತರೆ? ಸುಳ್ಳು ಮದುವಣಗಿತ್ತಿಯಾದವಳಿಗೆ ನಿಜವಾದ ಮದುವೆ ಕೂಡಿಬರುವುದಿಲ್ಲ ಎಂಬ ಹೆದರಿಕೆ. ಐದೂ ಜನ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದೆವು. ಆತಿಥ್ಯ ಕೊಟ್ಟ ಊರಿನ ಹುಡುಗಿಯನ್ನು ಕೂರಿಸಿ ಅವಳ ಮದುವೆ ಕೆಡಿಸುವುದು ಇನ್ನೂ ದೊಡ್ಡ ಪಾಪ. ಎದುರಿಗೆ ಶಾಲೆಗೆ ಶಾಲೆಯೇ ಕೂತು ಕಾಯುತ್ತಿತ್ತು. ಅವರ ಹೆಡ್ ಮಿಸ್ಟ್ರೆಸ್ ಗಡಿಯಾರ ನೋಡಿಕೊಂಡರು. ಹಾಡು ಬಾರದ ಊರಿನವರು ಅನ್ನಿಸಿಕೊಂಡು ಹಿಂದಿರುಗಬೇಕಲ್ಲ ಎಂದು ನನಗೆ ಅಳುವೇ ಬಂದಿತ್ತು.

ಶಾರದಮ್ಮ ಟೀಚರ್ ಮೆಟ್ಟಿಲು ಹತ್ತಿ ಬಂದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆವು. ಸಿದ್ದಿ ತಡವರಿಸುತ್ತ ವಿಷಯ ಹೇಳಿದಳು.

"ಇಷ್ಟೇನಾ? ಕೂತವರಿಗೆ ಮುಂದೆ ಮದುವೆ ಆಗೋಲ್ಲ ಅನ್ನೋದು ತಾನೇ ನಿಮ್ಮ ಭಯ? ನನಗೆ ಆ ಭಯ ಇಲ್ಲ. ನಾನು ಕೂತ್ಕೋತೀನಿ," ಎಂದು ರೂಲುದೊಣ್ಣೆಯನ್ನು ನನ್ನ ಕೈಗೆ ಕೊಟ್ಟು ಮಣೆಯ ಮೇಲೆ ಕೂತೇಬಿಟ್ಟರು!

ಬರಿ ಹಸೆಯಾದರೆ ಕೇಡು, ಸರಿ. ಹಸೆಗೆ ಇಂಥವರು ಕೂತರೆ? ನಮ್ಮ ಊರಿನ ಮದುವೆ ಮನೆಗಳಲ್ಲಿ ಟೀಚರ್ ಚಪ್ಪರದ ಹೊರಗೇ ನಿಂತು ಉಡುಗೊರೆ ಕೊಟ್ಟು ಹೋಗುತ್ತಿದ್ದರು. ಎಲ್ಲರೂ ಸಿದ್ದಿಯ ಮುಖ ನೋಡಿದೆವು. ಹಾಡುವವಳು ಅವಳು, ಕೇಡಾದರೆ ಅವಳ ಮನೆಗೆ. ಅವಳು ತುಟಿ ಕಚ್ಚಿಕೊಂಡು ನಿಂತಿದ್ದವಳು ತಟ್ಟನೆ ಹೇಳಿದಳು:

"ಟೀಚರ್, ಅಂಗಲ್ಲ. ಕಾಲು ಮಡಿಸ್ಕಂಡು ಸರ್ಯಾಗ್ ಕೂತ್ಕಳಿ. ತಲೆ ಬಗ್ಸಿ. ಎಣ್ಣು ಇಂಗೆ ದುರುಗುಟ್ಕಂಡು ನೋಡ್ತಾಳಾ?"

ಟೀಚರ್ ತಲೆ ಬಗ್ಗಿಸಿದರು. ಸಿದ್ದಿ ಸೊಲ್ಲೆತ್ತಿದಳು, ನಾವು ಐವರು "ಸೋಬಾನವೇ" ಎಂದು ಕೂಡಿಕೊಂಡೆವು. ಹೆಣ್ಣನ್ನು ಹಸೆಗೆ ಕರೆದದ್ದಾಯಿತು, ಅರಿಶಿನ ಹಚ್ಚುವ ಹಾಡಾಯಿತು. ಆಮೇಲೆ ಬಂದದ್ದು ಹೆಣ್ಣನ್ನು ಜರೆಯುವ ಹಾಡು. ಅದರಲ್ಲಿ ಎದುರಿಗೆ ಕೂತವಳನ್ನು ನೋಡಿ ನೋಡಿ ಕಟ್ಟುತ್ತಾ ಹೋಗಬೇಕು. ಸಿದ್ದಿಗೆ ಆವೇಶವೇ ಬಂದಿತ್ತೋ ಏನೋ! ಈ ಹೆಣ್ಣಿಗೆ ಮುದ್ದೆ ತೊಳಸಲು ಬಾರದು, ಬರೀ ಮಗ್ಗಿ ತೊಳಸುತ್ತಾಳೆ ಎಂದಳು. ಅತ್ತೆ ಊಟ ಕೇಳಿದರೆ ಭಾಗಾಕಾರ ಬಡಿಸುತ್ತಾಳೆ ಎಂದಳು. ರೂಲುದೊಣ್ಣೆ ಹಿಡಿದು ಬರುವ ಸೊಸೆಗೆ ಹೆದರಿ ಮಾವ ಅಟ್ಟ ಹತ್ತಿದನಂತೆ! ಎದುರಿಗಿದ್ದವರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಟೀಚರ್ ಹೆಗಲು ಕುಲುಕಲು ಶುರುವಾಯಿತು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಅದೂ ಸಾಲದೆ ಗಟ್ಟಿಯಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರನ್ನು ನೋಡಿ ಇಡೀ ಸಭೆ ನಕ್ಕಿತು.

ಹಸೆಗೆ ಕೂತವರಿಗೆ ಹೂ ಮುಡಿಸುವುದೂ ಶಾಸ್ತ್ರದಲ್ಲಿ ಸೇರಿರಬೇಕು ಎಂದುಕೊಂಡು ಹೆಡ್ ಮಿಸ್ಟ್ರೆಸ್ ತಾವೇ ಒಂದು ಮೊಳ ಮಲ್ಲಿಗೆ ತಂದರು. ಟೀಚರ್ ಬೇಡವೆನ್ನಲು ಕೈ ಎತ್ತಿದರು. ಮತ್ತೆ ಏನೆನ್ನಿಸಿತೋ, ಕೈ ಇಳಿಸಿ ತಲೆ ಬಗ್ಗಿಸಿದರು. ಆಕೆ ಹೂ ಮುಡಿಸಿದರು. ಅಷ್ಟು ಚೆನ್ನಾಗಿ ಕಾಣುವ ಟೀಚರನ್ನು ನಾವು ಮೊದಲು ಕಂಡಿರಲಿಲ್ಲ. ಹಾಗೆಂದು ಹೇಳುವ ಧೈರ್ಯ ನಮಗಾಗಲಿಲ್ಲ.

ಊಟಕ್ಕೆ ಕೂತಾಗ ಟೀಚರ್ ಸಿದ್ದಿಯ ಎಲೆಗೆ ತಮ್ಮ ಪಾಲಿನ ಪಾಯಸ ಹಾಕಿಸಿ, "ನನ್ನ ಮದುವೇಲೂ ಹಾಡಿದ್ರಂತೆ ಕಣೇ. ನಾನು ನಿದ್ದೆ ಹೋಗಿಬಿಟ್ಟಿದ್ದೆನಂತೆ," ಎಂದರು. ಮರುದಿನ ಬಸ್ಸಿನಲ್ಲಿ ಯಥಾಪ್ರಕಾರ ಹದಿನಾಲ್ಕರ ಮಗ್ಗಿ.

ಸಿದ್ದಿಯ ಮನೆಗೆ ಯಾವ ಕೇಡೂ ಬರಲಿಲ್ಲ. ಅವಳಿಗೆ ಮದುವೆಯೂ ಆಯಿತು, ಮನೆ ತುಂಬ ಮಕ್ಕಳೂ ಆದವು. ಮುಂದೆ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಕೊಯಮತ್ತೂರು ನಿಜವಾಗಿಯೂ ಬೇರೆ ರಾಜ್ಯವಾಯಿತು. ಟೀಚರ್ ಹೋದರು. ಸಿದ್ದಿಯೂ ಹೋದಳು.

ಮೊನ್ನೆ ಹಳೆಯ ಹಾಡು ಸಂಗ್ರಹಿಸುವ ಹುಡುಗನೊಬ್ಬ ಮನೆಗೆ ಬಂದಿದ್ದ. ಒಳ್ಳೆಯ ಹುಡುಗ. ಹಸೆ ಹಾಡು, ಅರಿಶಿನದ ಹಾಡು ಎಲ್ಲ ಹೇಳಿದೆ, ಯಂತ್ರದಲ್ಲಿ ಹಿಡಿದುಕೊಂಡ. "ಜರೆಯೋ ಹಾಡೂ ಒಂದು ಹೇಳಿಬಿಡಿ ಅಜ್ಜಿ," ಎಂದ. ಒಂದು ಸೊಲ್ಲು ಎತ್ತಿ ನಿಲ್ಲಿಸಿಬಿಟ್ಟೆ. ಮರೆತುಹೋಗಿರಬೇಕು ಎಂದುಕೊಂಡು ಅವನು ಸಮಾಧಾನ ಹೇಳಿ ಯಂತ್ರ ಆರಿಸಿದ. ನನಗೆ ಒಂದಕ್ಷರವೂ ಮರೆತಿಲ್ಲ. ಜರೆದರೆ ನಗುವವರು ಎದುರಿಗೆ ಇರಬೇಕಲ್ಲ.