ಲಾರಿಯ ಹಣೆ

ನಮ್ಮ ಲಾರಿಯನ್ನು ಮಾಚೇನಹಳ್ಳಿಯ ಮೋರಿಯ ಹತ್ತಿರ ನಿಲ್ಲಿಸುತ್ತಿದ್ದದ್ದು ದೆವ್ವವಲ್ಲ, ನಮ್ಮತ್ತೆಯ ವಿಭೂತಿ. ಮೊಮ್ಮಕ್ಕಳು ಈಗಲೂ ಅದನ್ನು ದೆವ್ವದ ಕಥೆಯೆಂದೇ ಕೇಳಲು ಬಂದು ಕೂರುತ್ತಾರೆ. ಅಜ್ಜಿ ಮೊದಲ ಮಾತಿನಲ್ಲೇ ದೆವ್ವವನ್ನು ಓಡಿಸಿಬಿಡುತ್ತಾಳೆಂದು ಮುಖ ಊದಿಸುತ್ತಾರೆ. ಊದಿಸಿಕೊಳ್ಳಲಿ. ಇಲ್ಲದ ದೆವ್ವಕ್ಕೆ ನನ್ನ ಪಾಲಿನ ಕೀರ್ತಿಯನ್ನು ದಾನ ಮಾಡುವಷ್ಟು ಔದಾರ್ಯ ನನ್ನಲ್ಲಿಲ್ಲ.

ಇವತ್ತು ಇದು ನೆನಪಾದದ್ದು ಒಂದು ಎಣ್ಣೆ ಡಬ್ಬದಿಂದ. ಸೊಸೆ ಹೊಸ ಡಬ್ಬಕ್ಕೆ ಒಂದೇ ತೂತು ಹೊಡೆದು, ತಲೆಕೆಳಗು ಹಿಡಿದು, ಗಳಗಳ ಅನ್ನಿಸುತ್ತ ಅದರೊಡನೆ ಜಗಳವಾಡುತ್ತಿದ್ದಳು. "ಇನ್ನೊಂದು ತೂತು ಹೊಡಿಯೇ, ಅದಕ್ಕೂ ಉಸಿರು ಬೇಡ್ವಾ?" ಎಂದೆ. ಹೊಡೆದಳು; ಎಣ್ಣೆ ದಾರದ ಹಾಗೆ ಇಳಿಯಿತು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಸಮಸ್ತ ಯಂತ್ರಶಾಸ್ತ್ರ ಇಷ್ಟೇ. ಆದರೆ ಈ ಒಂದೇ ಸೂತ್ರದಿಂದ ನಾನು ಒಂದು ಲಾರಿಯನ್ನೂ ಒಬ್ಬ ಗಂಡನನ್ನೂ ರಿಪೇರಿ ಮಾಡಿದ್ದೇನೆ.

ಆಗ ಯುದ್ಧ ಮುಗಿದ ಹೊಸತು. ನಮ್ಮ ಯಜಮಾನರು ಶಿವಮೊಗ್ಗದಲ್ಲಿ ತಮ್ಮ ಅಣ್ಣನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಡಹುಟ್ಟಿದ ಅಣ್ಣನೇ, ಆದರೂ ಗಿರಾಕಿಗಳ ಎದುರಿಗೆ "ಏನೋ, ನಿದ್ದೆ ಹೊಡೀತಿದ್ದೀಯೇನೋ" ಎಂದು ಕೂಗುವ ಅಣ್ಣ. ಆ ಕೂಗು ಕೇಳಿ ಕೇಳಿ ಇವರು ಮನೆಯಲ್ಲೂ ಮಾತು ಕಡಿಮೆ ಮಾಡಿದ್ದರು. ಕೊನೆಗೊಂದು ದಿನ ಮಂಡಿ ಬಿಟ್ಟು, ಎದುರಿಗಿಟ್ಟುಕೊಂಡು ಬರೆಯುವ ತೇಗದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದು ಅದನ್ನು ಅಟ್ಟಕ್ಕೆ ಹಾಕಿದರು. ಸೈನ್ಯದವರು ಹರಾಜಿಗಿಟ್ಟಿದ್ದ ಹಳೆಯ ಡೀಸೆಲ್ ಲಾರಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಭದ್ರಾವತಿಗೆ ಹೋಗುವಾಗ ಅಕ್ಕಿ, ಬೆಲ್ಲ, ಬರುವಾಗ ಸಿಮೆಂಟು. ಹಳೆಯ ಗಾಡಿಯಾದರೂ ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟು ಸುಮ್ಮನೆ ನಿಲ್ಲಿಸಿದರೆ, ಉಂಡು ಮಲಗಿದ ಯಜಮಾನನ ಗೊರಕೆಯ ಹಾಗೆ ಒಂದೇ ಸಮನೆ ಉಸಿರಾಡುತ್ತಿತ್ತು.

ನಮ್ಮತ್ತೆ ದಿನಾ ಬೆಳಿಗ್ಗೆ ದನಗಳ ಹಣೆಗೆ ವಿಭೂತಿ ಎಳೆಯುವವರು. ಅನ್ನ ಕೊಡುವ ಲಾರಿ ದನಕ್ಕಿಂತ ಕಡಿಮೆಯೇ ಎಂಬುದು ಅವರ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಎತ್ತರದಲ್ಲಿ. ಲಾರಿಯ ಮೂತಿ ಆಳೆತ್ತರ. ಅತ್ತೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಪಕ್ಕದಲ್ಲಿ, ಅವರ ಕೈಗೆಟುಕುವ ಹಾಗೆ ಎಣ್ಣೆ ಟ್ಯಾಂಕಿನ ದುಂಡು ಮುಚ್ಚಳವಿತ್ತು. ವಿಭೂತಿಯನ್ನು ನೀರಲ್ಲಿ ಕಲಸಿ, ಅದರ ಮೇಲೆ ಮೂರು ಬೆರಳು ಎಳೆದು, "ಶಿವಾ, ಕಾಯಪ್ಪಾ" ಎಂದು ಕೈಮುಗಿಯುತ್ತಿದ್ದರು. ದಿನದ ಗೆರೆಯ ಮೇಲೆ ದಿನದ ಗೆರೆ ಬಿದ್ದು, ಒಣಗಿ, ಗೋಡೆಯ ಸುಣ್ಣದ ಹಾಗೆ ಗಟ್ಟಿಯಾಗುತ್ತ ಹೋಯಿತು. ಆ ಮುಚ್ಚಳದಲ್ಲಿ ಎಳ್ಳುಕಾಳಿನಷ್ಟು ತೂತೊಂದಿದೆಯೆಂಬುದು ಅತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಲಾರಿಗೆ ಉಬ್ಬಸ ಶುರುವಾಯಿತು. ಮನೆಯಿಂದ ಚೆನ್ನಾಗಿ ಹೊರಡುವುದು. ಅರ್ಧ ದಾರಿಯ ಮಾಚೇನಹಳ್ಳಿ ಬರುವ ಹೊತ್ತಿಗೆ ಸದ್ದು ಏರುತ್ತ ಇಳಿಯುತ್ತ ಏದುಸಿರು ಬಿಡುವುದು. ಮೋರಿಯ ಮೇಲೆ ಎತ್ತಿನ ಗಾಡಿಗೆ ದಾರಿ ಬಿಡಲು ಡ್ರೈವರ್ ಖಾದರ್ ಸಾಬಿ ಕಾಲು ಸಡಿಲಿಸಿದನೋ, ಗುಕ್ ಎಂದು ಸತ್ತುಬಿಡುವುದು. ಭದ್ರಾವತಿಯಲ್ಲಿ ಎಣ್ಣೆ ತುಂಬಿಸಿಕೊಂಡು ಬರುವಾಗಲೂ ಅದೇ ಜಾಗ. ಹಿಂದೆ ಯಾವನೋ ಗಾಡಿಯವನು ಅಲ್ಲಿ ಮಗುಚಿ ಸತ್ತಿದ್ದನೆಂದು ಜನ ಹೇಳಿದರು. ಅಲ್ಲಿಂದ ಮುಂದೆ ಪ್ರತಿಸಲವೂ ಯಜಮಾನರು ಮೋರಿಗೆ ತೆಂಗಿನಕಾಯಿ ಒಡೆಯುವುದು, ಅಷ್ಟರಲ್ಲಿ ಖಾದರ್ ಮುಚ್ಚಳ ಬಿಚ್ಚಿ, ಕಡ್ಡಿ ಅದ್ದಿ ಎಣ್ಣೆ ನೋಡಿ, ಎಂಜಿನಿಗೆ ಎಣ್ಣೆ ಏರಿಸುವ ಕೈಪಂಪು ಒತ್ತುವುದು. ಗಾಡಿ ಎದ್ದು ಕೂರುವುದು. ಕೀರ್ತಿಯೆಲ್ಲ ಕಾಯಿಗೆ.

ಭದ್ರಾವತಿಯ ಹಳೇ ಪೇಟೆಯ ಮೇಸ್ತ್ರಿ ಎಣ್ಣೆ ಸೋಸುವ ಬಟ್ಟೆ ಒಗೆದ, ಕೊಳವೆ ಊದಿದ. ಮುಚ್ಚಳವನ್ನು ಬಿಚ್ಚಿ ಮಡ್‌ಗಾರ್ಡಿನ ಮೇಲಿಟ್ಟು ಮಧ್ಯಾಹ್ನವೆಲ್ಲ ಎಂಜಿನ್ ಓಡಿಸಿದ. ಅವನ ಎದುರಿಗೆ ಲಾರಿ ಒಮ್ಮೆಯೂ ಕೆಮ್ಮಲಿಲ್ಲ. ಹಾಗಾದರೆ ಎಣ್ಣೆಗೆ ಸೀಮೆಎಣ್ಣೆ ಬೆರೆಸುತ್ತಿದ್ದಾನೆಯೇ ಎಂದು ಯಜಮಾನರು ಖಾದರನನ್ನೇ ಕೇಳಿಬಿಟ್ಟರು. "ಅಲ್ಲಾ ಕಸಮ್ ಸಾವ್ಕಾರ್ರೇ, ಎಣ್ಣೆ ಸಾಫ್ ಐತೆ. ಬೇಕಾದ್ರೆ ನಾನೇ ಕುಡಿದು ತೋರಿಸ್ತೀನಿ" ಎಂದು ಅವನು ಕಣ್ಣೀರು ಹಾಕಿದ. ಹೊತ್ತಿಗೆ ಸರಕು ಮುಟ್ಟದೆ ಅಂಗಡಿಯವರು ಒಬ್ಬೊಬ್ಬರೇ ಜಾರಿದರು. ಕೊನೆಗೆ ಮರದ ಕಂಟ್ರಾಕ್ಟರನೊಬ್ಬ ಲಾರಿ ಕೊಳ್ಳುತ್ತೇನೆಂದ, ಇವರು ಒಪ್ಪಿದರು. ಅಟ್ಟದ ಪೆಟ್ಟಿಗೆಯನ್ನು ಇಳಿಸಿ, ಧೂಳು ಒರೆಸಿ, ಜಗಲಿಯ ಮೇಲಿಟ್ಟರು. ಮತ್ತೆ ಆ ಅಣ್ಣನ ಮುಂದೆ ಮಂಡಿಯೂರಿ ಕೂರುವ ಗಂಡನನ್ನು ನೋಡುವುದಕ್ಕಿಂತ ನಾನು ಲಾರಿಯನ್ನು ಹೆಗಲು ಕೊಟ್ಟು ತಳ್ಳಲೂ ಸಿದ್ಧಳಿದ್ದೆ.

ಲಾರಿ ಕೈಬಿಡುವ ಮುಂಚೆ ಹೊಳಲೂರಿನ ನನ್ನ ತವರಿಂದ ಭತ್ತ ತಂದುಬಿಡೋಣವೆಂದು ಯಜಮಾನರು, ಖಾದರ್, ನಾನು ಮೂವರೂ ಹೋದೆವು. ಬರುವಾಗ, ಮೋರಿಯಿಲ್ಲ, ಮರವಿಲ್ಲ, ಬಟ್ಟಬಯಲು. ಲಾರಿ ಏದುಸಿರು ಬಿಟ್ಟು ನಿಂತಿತು.

"ಏನ್ರೀ, ಮಾಚೇನಹಳ್ಳಿ ದೆವ್ವ ಈ ರಸ್ತೆಗೂ ವರ್ಗವಾಗಿ ಬಂತಾ?" ಎಂದೆ.

"ನಿಂಗೆ ತಮಾಷೆ" ಎಂದು ಅವರು ಇಳಿದರು. "ಕಾಯಿ ಬೇರೆ ತಂದಿಲ್ಲ."

ಕಾಯಿಯಿಲ್ಲದ್ದೇ ನಮ್ಮ ಪುಣ್ಯ. ಕಾಯಿ ಒಡೆಯುವ ಸದ್ದಿಲ್ಲದ ಆ ನಿಶ್ಶಬ್ದದಲ್ಲಿ ಖಾದರ್ ಮುಚ್ಚಳ ತಿರುಗಿಸಿದ. ಟ್ಯಾಂಕು ಸ್ಸ್ಸ್ ಎಂದು ಉಸಿರೆಳೆದುಕೊಂಡಿತು. ಆ ಸದ್ದು ನನಗೆ ಗೊತ್ತು. ಸೀಮೆಎಣ್ಣೆ ಡಬ್ಬಕ್ಕೆ ಎರಡನೆಯ ತೂತು ಹೊಡೆದಾಗ ಬರುವ ಸದ್ದು.

"ಏ ಖಾದರ್, ಇದು ದಿನಾ ಹಿಂಗೇ ಅನ್ನುತ್ತಾ?"

"ದಿನಾ ಹಂಗೇ ಅಮ್ಮಾ. ಹಳೇ ಟ್ಯಾಂಕು, ಅದರ ಆದತ್ತು, ಚಾಳೀನೇ ಹಂಗೆ."

ಮುಚ್ಚಳ ಇಸಿದುಕೊಂಡೆ. ಮೇಲೆ ವಿಭೂತಿಯ ಹೆಕ್ಕಳೆ, ಒಳಮೈಯಲ್ಲಿ ಒಂದು ತೂತಿನ ಗುರುತು. ಗೋಣಿ ಹೊಲಿಯುವ ದಬ್ಬಳ ತರಿಸಿ, ಒಳಗಿನಿಂದ ಚುಚ್ಚಿ, ಊದಿ, ಬೆಳಕಿಗೆ ಹಿಡಿದೆ. ತೂತಿನಲ್ಲಿ ಹೊಳಲೂರಿನ ಆಕಾಶ ಕಂಡಿತು. ಖಾದರ್ ಪಂಪು ಒತ್ತಿದ, ಗಾಡಿ ಎದ್ದಿತು, ಮನೆಯ ಅಂಗಳದವರೆಗೆ ಎಲ್ಲೂ ಕೆಮ್ಮಲಿಲ್ಲ. ಅಂಗಳದಲ್ಲಿ ಹಳೆಯ ಗೊರಕೆ ಹೊಡೆಯುತ್ತ ನಿಂತ ಲಾರಿಯನ್ನು ಕೇಳುತ್ತ ಖಾದರ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತುಬಿಟ್ಟ. ಯಜಮಾನರು ಅವನ ಬೆನ್ನ ಮೇಲೆ ಕೈಯಿಟ್ಟರು.

"ನಾಳೆ ಭದ್ರಾವತಿವರೆಗೆ ನಿಲ್ಲದೆ ಹೋದ್ರೆ ಲಾರಿ ಇಟ್ಕೊಳ್ಳೋಣ" ಎಂದರು ನನಗೆ. ಆಮೇಲೆ ದನಿ ತಗ್ಗಿಸಿ, "ಅಮ್ಮನಿಗೆ ನೀನೇ ಹೇಳು."

"ನಿಮ್ಮಮ್ಮ, ನೀವೇ ಹೇಳಿ."

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, "ದಾರೀಲಿ ಕಾಯಿ ಒಡೆದ್ರೇನೋ?" ಎಂದರು. "ಒಡೆದ್ವಮ್ಮಾ" ಎಂದು ಆ ಮಹಾಶಯರು ಬಚ್ಚಲಿಗೆ ಹೋದರು. ದೆವ್ವಕ್ಕೆ ಹೆದರದ ಗಂಡಸರೂ ತಾಯಿಯ ಮುಂದೆ ಹೀಗೆಯೇ. ಅವರನ್ನು ಬೈಯಲಾರೆ, ನನಗೂ ದಾರಿ ಹೊಳೆದಿರಲಿಲ್ಲ. ನಿಮ್ಮ ಭಕ್ತಿಯೇ ಗಾಡಿಯ ಉಸಿರು ಕಟ್ಟಿಸಿತೆಂದರೆ ಆ ಮುದುಕಿ ಅನ್ನ ಬಿಟ್ಟು ಕೂರುತ್ತಾಳೆ. ಹೇಳದಿದ್ದರೆ ಬೆಳಿಗ್ಗೆ ಮತ್ತೆ ಮೂರು ಗೆರೆ. ತೂತು ಕಂಡುಹಿಡಿದದ್ದಕ್ಕೆ ಜನ ನನ್ನನ್ನು ಹೊಗಳುತ್ತಾರೆ. ಅದು ಕಿವಿಯ ಕೆಲಸ. ನಾನು ಬೀಗುವುದು ಮರುದಿನದ್ದಕ್ಕೆ.

ಮರುದಿನ ಬೆಳಿಗ್ಗೆ ಅತ್ತೆ ವಿಭೂತಿ ತಟ್ಟೆ ಹಿಡಿದು ಅಂಗಳಕ್ಕಿಳಿಯುವ ಮುಂಚೆ, ಜಗಲಿಯ ಮೇಲಿದ್ದ ಬರೆಯುವ ಪೆಟ್ಟಿಗೆಯನ್ನು ಹೊತ್ತು ತಂದು ಲಾರಿಯ ಮೂತಿಯ ಮುಂದೆ ಇಟ್ಟೆ.

"ಅತ್ತೇ, ಇದರ ಹಣೆ ಇಲ್ಲಿದೆ. ಇಷ್ಟು ದಿನ ನೀವು ಹಚ್ಚಿದ್ದು ಬಾಯಿಗೆ."

ಅತ್ತೆ ಮುಚ್ಚಳ ನೋಡಿದರು, ಮೂತಿ ನೋಡಿದರು. "ಬಾಯಿಗಾ? ಇಷ್ಟು ಜನ ಇದ್ದೀರಿ, ಒಬ್ರಾದ್ರೂ ಹೇಳ್ಬಾರ್ದಾ ಮಾರಾಯ್ತಿ!" ಎಂದು ನನ್ನನ್ನೇ ಬೈದರು. ಹತ್ತಲು ಎತ್ತಿದ ಕಾಲನ್ನು ತಟ್ಟನೆ ಹಿಂದೆಗೆದರು. "ಶಿವನೇ, ಇದು ಮಂಡಿ ಪೆಟ್ಟಿಗೆ. ಬರೆಯೋ ಜಾಗದ ಮೇಲೆ ಕಾಲಿಡ್ಲಾ?"

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಪೆಟ್ಟಿಗೆಯನ್ನೂ ಲಾರಿಯನ್ನೂ ಒಮ್ಮೆ ನೋಡಿದರು.

"ಹತ್ತಮ್ಮಾ. ಇನ್ನು ಅದರ ಕೆಲಸ ಇದೇ."

ಅತ್ತೆ ಹತ್ತಿ ಲಾರಿಯ ಹಣೆಗೆ ಅಗಲವಾಗಿ ಮೂರು ಗೆರೆ ಎಳೆದರು. ಬೀಳದ ಹಾಗೆ ನಾನು ಸೊಂಟ ಹಿಡಿದುಕೊಂಡೆ. ಇಳಿದವರೇ ಮೋರಿಗೆ ಒಡೆಯಿರೆಂದು ನನ್ನ ಮಡಿಲಿಗೆ ಒಂದು ತೆಂಗಿನಕಾಯಿ ಹಾಕಿದರು. ಅದನ್ನು ಹಿಡಿದುಕೊಂಡೇ ಮುಂದಿನ ಸೀಟಿನಲ್ಲಿ ಕೂತು, ಮಾಚೇನಹಳ್ಳಿ ದಾಟಿ, ನಿಲ್ಲದೆ ಭದ್ರಾವತಿಗೆ ಹೋಗಿ, ನಿಲ್ಲದೆ ತಿರುಗಿ ಬಂದೆ. ಮಧ್ಯಾಹ್ನದ ಊಟಕ್ಕೆ ಆ ಕಾಯಿ ಒಡೆದು ಚಟ್ನಿ ಅರೆದೆ.